ಅಪ್ಪನ ಕೋವಿಯ ಅಳತೆ

ಪೆಲ್ಟೊಲಾ, ಮಿಷಿಗನ್
ಅಕ್ಟೋಬರ್ ೧೯, ೧೯೮೬, ಭಾನುವಾರ

ಪ್ರೀತಿಯ ತಮ್ಮ ರೇಯ್ನೊ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಹೋದ ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿನಲ್ಲಿ ಇದ್ದದ್ದೇ ಎರಡು ಸಾಲು. ಒಂದು ಹಬ್ಬದ ಶುಭಾಶಯ, ಅದನ್ನು ಕಾರ್ಡಿನವರೇ ಅಚ್ಚು ಹಾಕಿಸಿದ್ದರು. ನೀನಾಗಿ ಬರೆದದ್ದು ಮಂಡಿಯ ವಿಷಯ ಒಂದೇ. ಹಡಗಿನ ಅಡುಗೆಮನೆಯಲ್ಲಿ ಬೆಳಗಿನಿಂದ ನಿಂತೇ ಇದ್ದು ಇಪ್ಪತ್ತೆಂಟು ಗಂಡಸರ ಹೊಟ್ಟೆ ತುಂಬಿಸುವವನಿಗೆ ಮಂಡಿ ನೋಯದೆ ಇನ್ನೇನಾಗುತ್ತದೆ? ಅಮ್ಮ ಮಾಡುತ್ತಿದ್ದ ಹಾಗೆ ಬಿಸಿ ಉಪ್ಪಿನ ಗಂಟು ಕಟ್ಟಿ ಶಾಖ ಕೊಡು. ಉಪ್ಪಿಗೆ ನಿನ್ನ ಹಡಗಿನಲ್ಲಿ ಬರವಿಲ್ಲ. ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಳ್ಳಬೇಡ. ಐವತ್ತೆಂಟು ವಯಸ್ಸಾಯಿತು, ಇನ್ನೂ ಇದನ್ನೆಲ್ಲ ನಾನೇ ಹೇಳಬೇಕು.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಡಾಕ್ಟರು ಬೆಣ್ಣೆ ಬೇಡ ಎಂದಿದ್ದಾರೆ. ಅದಕ್ಕೆ ಇವರು ಬೆಣ್ಣೆ ಬಿಟ್ಟು ಗಿಣ್ಣು ಹಿಡಿದಿದ್ದಾರೆ. ಕೇಳಿದರೆ, "ಡಾಕ್ಟರು ಗಿಣ್ಣಿನ ಹೆಸರೇ ಎತ್ಲಿಲ್ಲ ಕಣೇ" ಅನ್ನುತ್ತಾರೆ. ಆಲೂಗಡ್ಡೆ ಈ ವರ್ಷ ಚೆನ್ನಾಗಿ ಬಂತು, ನೆಲಮಾಳಿಗೆಯ ತೊಟ್ಟಿ ತುಂಬಿ ಮೂರು ಚೀಲ ಉಳಿಯಿತು. ಮೊನ್ನೆ ಗುರುವಾರ ಮೊದಲ ಹಿಮ ಬಿದ್ದು ಮಧ್ಯಾಹ್ನದೊಳಗೆ ಕರಗಿತು. ವೇಯ್ಕೊ ಮುದುಕ ನೆನಪಿದ್ದಾನಲ್ಲ, ಅಪ್ಪನ ಜೊತೆ ಬೇಟೆ ಬಿಡಾರ ಕಟ್ಟಿದವನು? ಅವನಿಗೀಗ ಎಂಬತ್ತೊಂದು. ಕಿವಿ ಪೂರ್ತಿ ಹೋಗಿದೆ, ನಾಲಿಗೆ ಮಾತ್ರ ಒಂದು ಗುಲಗಂಜಿಯಷ್ಟೂ ಸವೆದಿಲ್ಲ. ಪ್ರತಿ ಶನಿವಾರ ನಮ್ಮ ಸೌನಾ ಹಬೆಮನೆಯಲ್ಲಿ ಬೆವರಿಳಿಸಲು ಬರುತ್ತಾನೆ, ಏಲಕ್ಕಿ ಬ್ರೆಡ್ಡು ಅರ್ಧ ತಿಂದು ಉಳಿದರ್ಧ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ನಿನ್ನನ್ನು ಕೇಳುತ್ತಾನೆ. ನಾನು ಏನೋ ಒಂದು ಹೇಳುತ್ತೇನೆ, ಅವನಿಗೆ ಹೇಗೂ ಕೇಳಿಸುವುದಿಲ್ಲ.

ನನಗೆ ಇದು ತೋಟಾ ತುಂಬುವ ಕಾಲ. ನವೆಂಬರ್ ಹದಿನೈದಕ್ಕೆ ಸರ್ಕಾರ ಜಿಂಕೆ ಬೇಟೆ ತೆರೆಯುತ್ತದೆ ಅಂದರೆ ಅಕ್ಟೋಬರಿನಲ್ಲಿ ನಾನು ಮನೆಗಿಂತ ಹೆಚ್ಚು ನೆಲಮಾಳಿಗೆಯಲ್ಲೇ ಇರುತ್ತೇನೆ. ಅಪ್ಪನ ಮೇಜು, ಅಪ್ಪನ ಪ್ರೆಸ್ಸು, ಅಪ್ಪನ ತಕ್ಕಡಿ, ಎಲ್ಲವೂ ಅವನು ಬಿಟ್ಟ ಜಾಗದಲ್ಲೇ ಇವೆ. ಒಲೆಯ ಪಕ್ಕ ಬೆಚ್ಚಗೆ ಕೂತು, ಹಾರಿಸಿ ಬಂದ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಒರೆಸುವುದು, ಸುಟ್ಟ ಕೇಪು ತೆಗೆದು ಹೊಸದು ಕೂರಿಸುವುದು, ಮದ್ದು ತೂಗಿ ಹಾಕುವುದು, ಮೇಲೆ ಗುಂಡು ಒತ್ತುವುದು. ಇದಕ್ಕಿಂತ ನೆಮ್ಮದಿಯ ಕೆಲಸ ನನಗೆ ಗೊತ್ತಿಲ್ಲ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಎಂಬ ಅಪ್ಪನ ಕಟ್ಟಳೆ ಈಗಲೂ ನಡೆದಿದೆ. ಹೋದ ವಾರ ಫೋನು ಬಂತೆಂದು ಎದ್ದು ಹೋದವಳು ವಾಪಸು ಬಂದಾಗ ಅಳತೆ ಕೊಳವೆಯಲ್ಲಿ ಉಳಿದಿದ್ದ ಮದ್ದು ಯಾವ ಡಬ್ಬಿಯದು ಎಂದು ಅನುಮಾನವಾಯಿತು. ತೊಂಬತ್ತು ಭಾಗ ಗೊತ್ತಿತ್ತು. ಹತ್ತು ಭಾಗ ಗೊತ್ತಿರಲಿಲ್ಲ. ಅಷ್ಟನ್ನೂ ತೆಗೆದುಕೊಂಡು ಹೋಗಿ ಹೂವಿನ ಪಾತಿಗೆ ಸುರಿದೆ. ನಿನ್ನ ಭಾವನ ಹೊಸ ಕೋವಿ ತಡೆಯುವ ಜೋರು ಮದ್ದನ್ನು ನನ್ನ ಹಳೇ ಕ್ರಾಗ್ ಕೋವಿ ತಡೆಯುವುದಿಲ್ಲ. ಅದು ಸೈನ್ಯ ಬೇಡವೆಂದು ಮಾರಿದ, ಅಪ್ಪನಿಗಿಂತಲೂ ಹಳೆಯ ಕಬ್ಬಿಣ. ಹಾಗಾಗಿ ಹಳೇ ಕೋವಿಯ ತೋಟಾಗಳ ಹಿಂಬದಿಗೆ ಗುರುತಿಗೆಂದು ಕೆಂಪು ಉಗುರುಬಣ್ಣ ಹಚ್ಚುತ್ತೇನೆ. ಅಂಗಡಿಯ ಡೋರಿಸ್ ಈ ಸಲವೂ ಶೀಶೆ ಕೈಗೆ ಕೊಡುತ್ತಾ, "ಅರವತ್ನಾಲ್ಕಕ್ಕೆ ಶೋಕಿ ಶುರುವಾಯ್ತಾ ಸೈಮಾ, ನಿನ್ ಗಂಡ ಆರ್ವೊಗೆ ಗೊತ್ತಾ?" ಎಂದು ಕೇಳಿದಳು. ಜಿಂಕೆಗೆ ತೋರಿಸೋಕೆ ಕಣಮ್ಮ ಎಂದೆ.

ಸರಿ, ಸುತ್ತಿ ಬಳಸಿದ್ದು ಸಾಕು. ಈ ಸಲ ನೀನು ಬಿಡಾರಕ್ಕೆ ಬರಬೇಕು ರೇಯ್ನೊ. ಅದಕ್ಕೇ ಈ ಕಾಗದ. ಅಪ್ಪ ಸತ್ತ ಮೇಲೆ ಹನ್ನೊಂದು ಬೇಟೆ ಕಾಲ ಕಳೆದುಹೋದವು, ನೀನು ಒಂದಕ್ಕೂ ಬರಲಿಲ್ಲ. ಮಣ್ಣು ಮಾಡಿದ ಮಾರನೇ ದಿನ ನಮ್ಮ ಅಂಗಳದಲ್ಲಿ ಏನಾಯಿತೆಂದು ನಿನಗೂ ನೆನಪಿದೆ, ನನಗೂ ನೆನಪಿದೆ. ಅಪ್ಪ ಒಂದೇ ದಿನ ಕೊಂಡಿದ್ದ ಎರಡು ಕ್ರಾಗ್‌ಗಳನ್ನು ಗೋಡೆಯಿಂದ ಇಳಿಸಿ ಹೊರಗಿನ ಮೇಜಿನ ಮೇಲಿಟ್ಟಿದ್ದೆವು. ಒಂದರ ಮರದ ಹಿಡಿಯ ಮೇಲೆ ಅಪ್ಪ ಬಿಸಿ ಮೊಳೆಯಿಂದ ಸುಟ್ಟು ಬರೆದ ಅವನ ಹೆಸರಿನ ಎರಡು ಅಕ್ಷರ ಇದ್ದವು. ಇನ್ನೊಂದರ ಮರ ಬೋಳು. ಅಕ್ಷರದ್ದು ಅಪ್ಪನ ಸ್ವಂತದ್ದು, ಬೋಳು ಮರದ್ದು ನೀನು ಹದಿನಾಲ್ಕನೇ ವಯಸ್ಸಿನಿಂದ ಹಿಡಿದದ್ದು. ಹಿರಿಯಳೆಂದು ನಾನು ಅಕ್ಷರದ್ದನ್ನು ಎತ್ತಿಕೊಂಡೆ. ನೀನು ಬೋಳು ಮರದ್ದನ್ನು ಎತ್ತಿ, ತೋಟಾ ಒಳಗೆ ತಳ್ಳುವ ಬೋಲ್ಟನ್ನು ಎರಡು ಸಲ ಹಿಂದೆ ಮುಂದೆ ಆಡಿಸಿ, "ಇದರ ಬೋಲ್ಟು ಅಪ್ಪನದರ ಹಾಗೇ ಜಾರತ್ತಲ್ಲೇ ಅಕ್ಕಾ" ಎಂದೆ. ನಿನ್ನ ಭ್ರಮೆ ಎಂದೆ ನಾನು. ನೀನು ಮತ್ತೆ ಆಡಿಸಿದೆ, ನಾನು ಮತ್ತೆ ಭ್ರಮೆ ಎಂದೆ, ಮಾತಿಗೆ ಮಾತು ಬೆಳೆಯಿತು. ಕೊನೆಗೆ ನೀನು ಹೇಳಿದ್ದು ಕೋವಿಯ ವಿಷಯವೇ ಆಗಿರಲಿಲ್ಲ. "ಹಡಗಿಗೆ ಹೋದ ದಿನದಿಂದ ಅಪ್ಪ ನನ್ ಜೊತೆ ನೆಟ್ಟಗೆ ಮಾತಾಡ್ಲಿಲ್ಲ. ಸಾಯೋವಾಗಾದ್ರೂ ನನಗೆ ಅಂತ ಒಂದ್ ಮಾತು ಬಿಟ್ ಹೋಗಿದ್ದಾನಾ, ಹೇಳು" ಎಂದು ಕೇಳಿದೆ. ನಾನು ಅಕ್ಷರದ ಕೋವಿಯನ್ನು ಎತ್ತಿಕೊಂಡು ಒಳಗೆ ನಡೆದೆ. ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದವನು ನೀನು, ಆಮೇಲೆ ವರ್ಷಕ್ಕೊಂದು ಕಾರ್ಡು.

ಈಗ ಈ ವಿಷಯ ಯಾಕೆ ಎತ್ತಿದೆನೆಂದರೆ, ಅಪ್ಪನ ಡಬ್ಬಿ ಸಿಕ್ಕಿದೆ. ಆಗ ನೀನೇ ಮನೆಯೆಲ್ಲ ಜಾಲಾಡಿದ್ದೆಯಲ್ಲ, ಅಪ್ಪ ತನ್ನ ಖಾಲಿ ಚಿಪ್ಪು ಇಡುತ್ತಿದ್ದ ಅದೇ ತಗಡಿನ ಕಾಫಿ ಡಬ್ಬಿ. ಹನ್ನೊಂದನೇ ತಾರೀಖು ಶನಿವಾರ ನಿನ್ನ ಭಾವ ಸೌನಾ ಮನೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೊಳೆತ ಹಲಗೆ ಕೀಳುತ್ತಿದ್ದರು. ಹಲಗೆಯ ಹಿಂದೆ ಗೋಡೆಯ ಸಂದಿನಲ್ಲಿ ಅದು ಕೂತಿತ್ತು. ಅಪ್ಪ ಅದನ್ನು ಅಲ್ಲಿ ಯಾಕಿಟ್ಟನೋ, ಬೆಚ್ಚಗೆ ಒಣಗಿರಲಿ ಎಂದಿರಬೇಕು. ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ಅವನ ಕೈಬರಹ, "ನನ್ನದು". ಒಳಗೆ ಮೂವತ್ತೊಂದು ಖಾಲಿ ಚಿಪ್ಪು, ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದವು. ನಿನ್ನ ಭಾವ ಹಲಗೆ ಅಲ್ಲೇ ಬಿಸಾಕಿ, ಗೆದ್ದವರ ಹಾಗೆ ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದುಕೊಂಡು ಅಂಗಳ ದಾಟಿ ಬಂದರು. ನನಗೆ ಆ ಕೈಬರಹ ನೋಡಿ ಕಣ್ಣು ತುಂಬಿತು. ಎಷ್ಟೋ ವರ್ಷಗಳ ಮೇಲೆ ಅಪ್ಪ ಕರೆದ ಹಾಗಾಯಿತು.

ನೀನು ತೋಟಾ ಹಾರಿಸಿದವನು, ತುಂಬಿದವನಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ತೋಟಾ ಸಿಡಿದಾಗ ಹಿತ್ತಾಳೆ ಚಿಪ್ಪು ಉಬ್ಬಿ, ನಳಿಗೆಯ ಬುಡದಲ್ಲಿ ಅದು ಕೂರುವ ಗೂಡಿನ ಆಕಾರವನ್ನೇ ತಾಳುತ್ತದೆ. ಹೊಸ ಚಪ್ಪಲಿ ಒಬ್ಬರ ಕಾಲಿಗೆ ಕೂತ ಮೇಲೆ ಇನ್ನೊಬ್ಬರಿಗೆ ಒತ್ತುವುದಿಲ್ಲವೇ, ಹಾಗೆ. ಒಂದೇ ಕಾರ್ಖಾನೆಯ ಎರಡು ಕೋವಿಗಳ ಗೂಡೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. ಮತ್ತೆ ತುಂಬುವಾಗ ಆ ಚಿಪ್ಪನ್ನು ಪ್ರೆಸ್ಸಿನ ಉದ್ದ ಅಚ್ಚಿಗೆ ಹಾಕಿ ಹಿಡಿಕೆ ಎಳೆದರೆ ಮೈಯೆಲ್ಲ ಕುಗ್ಗಿ ಮೊದಲಿನ ಅಳತೆಗೆ ಬರುತ್ತದೆ, ಆಗ ಯಾವ ಕೋವಿಗಾದರೂ ಹೋದೀತು. ಅಪ್ಪ ಹಾಗೆ ಮಾಡುತ್ತಿರಲಿಲ್ಲ. ಗುಂಡು ಹಿಡಿದುಕೊಳ್ಳುವುದಕ್ಕೆ ಬೇಕಾದಷ್ಟು ಕತ್ತನ್ನು ಮಾತ್ರ ಗಿಡ್ಡ ಅಚ್ಚಿನಲ್ಲಿ ಒತ್ತಿ, ಮೈಯನ್ನು ಮುಟ್ಟದೆ ಬಿಡುತ್ತಿದ್ದ. "ಕತ್ತು ಹಿಡಿ, ಮೈ ಬಿಡು ಮಗಳೇ. ಅದು ತನ್ನ ಮನೆ ಗುರುತು ಹಿಡ್ಕೊಂಡಿದೆ, ನೀನ್ಯಾಕೆ ಮರೆಸ್ತೀಯ" ಎಂದು ಹೇಳಿಕೊಡುತ್ತಿದ್ದ. ಹಾಗೆ ಮಾಡಿದರೆ ಹಿತ್ತಾಳೆ ಹೆಚ್ಚು ಬಾಳುತ್ತದೆ, ಗುರಿಯೂ ನೆಟ್ಟಗೆ ಹೋಗುತ್ತದೆ. ಆದರೆ ಒಂದು ಕೋವಿಯ ಚಿಪ್ಪನ್ನು ಇನ್ನೊಂದರ ಜೊತೆ ಬೆರೆಸುವ ಹಾಗಿಲ್ಲ. ಆದ್ದರಿಂದಲೇ ಅಪ್ಪನಿಗೆ ಬೇರೆ ಡಬ್ಬಿ, ನಿನಗೆ ಬೇರೆ ಡಬ್ಬಿ.

ಡಬ್ಬಿ ಸಿಕ್ಕಿದ್ದೇ ನಿನ್ನ ಭಾವನ ತಲೆ ಓಡತೊಡಗಿತು. ಅಪ್ಪನ ಚಿಪ್ಪು, ಅಪ್ಪನ ಕೋವಿ, ಅಪ್ಪನ ಮಗಳು ತುಂಬಿದ್ದು, ಬೇಟೆ ತೆರೆಯುವ ದಿನ ಮೊದಲ ಗುಂಡು ಅದೇ ಆಗಬೇಕು, ವೇಯ್ಕೊ ಮುದುಕನ ಬಾಯಿ ಮುಚ್ಚಿಸಬೇಕು ಎಂದರು. ಆ ಮುದುಕ ಬಿಡಾರದಲ್ಲಿ ಪ್ರತಿ ವರ್ಷ, ನಾನು ಗುರಿ ತಪ್ಪಿದಾಗಲೆಲ್ಲ, "ನಿಮ್ಮಪ್ಪ ಎಲಿಯಲ್ ಕೈಲಿದ್ದಾಗ ಈ ಕೋವಿ ಹಿಂಗೆ ಮಾಡ್ತಿರ್ಲಿಲ್ಲ ನೋಡು" ಎಂದು ಚುಚ್ಚುತ್ತಾನೆ. ನಾನು ಶನಿವಾರದಿಂದ ಬುಧವಾರದವರೆಗೆ ಏನಾದರೊಂದು ನೆವ ಹೇಳಿದೆ. ಒಂದು ದಿನ ಒಗೆಯುವುದಿತ್ತು, ಒಂದು ದಿನ ಎಲೆಕೋಸು ಕೊಯ್ಯುವುದಿತ್ತು. ಬುಧವಾರ ಮಧ್ಯಾಹ್ನ ನಾನು ಕೆಳಗೆ ಇಳಿಯುವಷ್ಟರಲ್ಲಿ ಇವರೇ ನನ್ನ ಕೋವಿಯನ್ನು ಮೇಜಿನ ಮೇಲಿಟ್ಟುಕೊಂಡು, ಡಬ್ಬಿಯಿಂದ ಒಂದು ಖಾಲಿ ಚಿಪ್ಪು ತೆಗೆದು ಗೂಡಿಗೆ ಹಾಕಿ ಬೋಲ್ಟು ತಳ್ಳುತ್ತಿದ್ದರು. ಕ್ರಾಗ್ ಬೋಲ್ಟು ಹೇಗೆ ಜಾರುತ್ತದೆಂದು ನಿನಗೆ ಗೊತ್ತು, ಒಂದು ಬೆರಳು ಸಾಕು. ಅದು ಅರ್ಧ ಬೆರಳು ಉಳಿದಿರುವಾಗಲೇ ನಿಂತುಬಿಟ್ಟಿತು. ಬೋಲ್ಟಿನ ಹಿಡಿ ಕೆಳಗಿಳಿಯಲಿಲ್ಲ. ಒತ್ತಬೇಡಿ ಎಂದೆ. ಇನ್ನೊಂದು ಹಾಕಿದೆವು, ನಿಂತಿತು. ಹತ್ತು ಹಾಕಿದೆವು, ಹತ್ತೂ ಅಲ್ಲೇ ನಿಂತವು. ಈ ಹನ್ನೊಂದು ವರ್ಷ ನಾನು ಹಾರಿಸಿದ ಚಿಪ್ಪು ಒಂದನ್ನು ಹಾಕಿದೆ, ಬೆಣ್ಣೆಯಲ್ಲಿ ಜಾರಿದ ಹಾಗೆ ಒಳಗೆ ಹೋಗಿ ಕೂತಿತು.

"ಇಷ್ಟು ವರ್ಷ ಗೋಡೆ ಒಳಗಿತ್ತಲ್ಲ, ಊದ್ಕೊಂಡಿರ್ಬೇಕು" ಎಂದರು ನಿನ್ನ ಭಾವ. ಹಿತ್ತಾಳೆ ಏನು ಅವಲಕ್ಕಿಯೇ ಊದಿಕೊಳ್ಳಲು? ಆಮೇಲೆ ಅವರೇ ಉಪಾಯವನ್ನೂ ಹೇಳಿದರು. "ನಿನ್ ಉದ್ದ ಅಚ್ಚಿದೆಯಲ್ಲೇ, ಅದಕ್ಕೆ ಹಾಕಿ ಒಂದ್ಸಲ ಎಳಿ, ಎಲ್ಲಾ ಸರಿಹೋಗತ್ತೆ" ಎಂದು ಹೇಳಿ ಕಾಫಿ ಕಾಯಿಸಲು ಮೇಲೆ ಹೋದರು. ಪಾಪ, ಅವರು ಹೇಳಿದ್ದರಲ್ಲಿ ಕಪಟವೇನೂ ಇರಲಿಲ್ಲ. ನಾನು ಉದ್ದ ಅಚ್ಚನ್ನು ಪ್ರೆಸ್ಸಿಗೆ ತಿರುಗಿಸಿ ಕೂರಿಸಿದೆ. ಒಂದು ಚಿಪ್ಪಿಗೆ ಎಣ್ಣೆ ಸವರಿ ಕೆಳಗಿಟ್ಟೆ. ಹಿಡಿಕೆಯನ್ನು ಹಿಡಿದೆ. ಒಂದು ಎಳೆತ, ಅಷ್ಟೇ. ಮೂವತ್ತೊಂದು ಸಲ ಎಳೆದರೆ ಮೂವತ್ತೊಂದೂ ನನ್ನ ಕೋವಿಗೆ ಸರಾಗವಾಗಿ ಹೋಗುತ್ತಿದ್ದವು, ಅವು ಯಾವ ಕೋವಿಯವು ಎಂದು ಇನ್ನು ಈ ಲೋಕದಲ್ಲಿ ಯಾರಿಗೂ ಹೇಳಲು ಆಗುತ್ತಿರಲಿಲ್ಲ. ಎಷ್ಟು ಹೊತ್ತು ಹಿಡಿದುಕೊಂಡು ನಿಂತಿದ್ದೆನೋ ಗೊತ್ತಿಲ್ಲ, ಮೇಲಿನಿಂದ ಇವರು ಕಾಫಿ ಆರಿಹೋಗುತ್ತದೆಂದು ಎರಡು ಸಲ ಕೂಗಿದರು. ನನಗೆ ನಾಚಿಕೆಯಾಯಿತು ರೇಯ್ನೊ. ಚಿಪ್ಪಿನ ಎಣ್ಣೆ ಒರೆಸಿದೆ, ಅಚ್ಚು ಬಿಚ್ಚಿ ಪೆಟ್ಟಿಗೆಗೆ ಹಾಕಿದೆ, ಮೇಲೆ ಹೋಗಿ ಆರಿದ ಕಾಫಿ ಕುಡಿದೆ.

ಹಾಗಾಗಿ ಈಗ ನೇರವಾಗಿ ಹೇಳುತ್ತೇನೆ. ಅಪ್ಪನ ಕೋವಿ ನಿನ್ನ ಹತ್ತಿರ ಇದೆ. ನನ್ನ ಹತ್ತಿರ ಇರುವುದು ಅಪ್ಪನ ಮರ, ಅದರೊಳಗೆ ನಿನ್ನ ಹಳೇ ಕೋವಿಯ ಕಬ್ಬಿಣ. ಆ ದಿನ ಅಂಗಳದಲ್ಲಿ ನಿನ್ನ ಕೈ ಹೇಳಿದ್ದೇ ನಿಜ, ಭ್ರಮೆ ನನ್ನದು. ಅಪ್ಪ ಆ ಕೊನೆಯ ಚಳಿಗಾಲದಲ್ಲಿ ಎರಡನ್ನೂ ಬಿಚ್ಚಿ ಎಣ್ಣೆ ಹಾಕಿದ್ದ, ಆಗ ಅವನ ಕಣ್ಣು ಪೂರ್ತಿ ಮಂಜಾಗಿತ್ತು, ಮತ್ತೆ ಜೋಡಿಸುವಾಗ ಒಂದರ ಮರ ಇನ್ನೊಂದಕ್ಕೆ ಹೋಗಿರಬೇಕು. ನಿನ್ನ ಭಾವನಿಗೆ ಹೀಗೇ ಹೇಳಿದೆ. ಅವರು ಗಿಣ್ಣಿನ ಚೂರು ಬಾಯಲ್ಲಿಟ್ಟುಕೊಂಡೇ ಕಣ್ಣರಳಿಸಿ, "ಅಂದ್ರೆ ಹನ್ನೊಂದು ವರ್ಷ ನಾನು ರೇಯ್ನೊ ಕೋವಿಗೆ ಎಣ್ಣೆ ಹಚ್ಚಿದ್ನಾ? ಕೂಲಿ ಕೇಳ್ಬೇಕು ಅವನ್ನ" ಎಂದರು. ಆಮೇಲೆ ಆ ಚೂರು ನುಂಗಿ, "ಬರೆದುಬಿಡು ಅವನಿಗೆ, ಇವತ್ತೇ ಬರಿ" ಎಂದರು. ಇವತ್ತೇ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ವೇಯ್ಕೊಗೆ ಇನ್ನೂ ಹೇಳಿಲ್ಲ. ಅವನಿಗೆ ಇದು ಗೊತ್ತಾದರೆ ಸಾಯುವವರೆಗೂ ಬಿಡುವುದಿಲ್ಲ, ಅವನು ಬೇಗ ಸಾಯುವ ಹಾಗೂ ಕಾಣುವುದಿಲ್ಲ.

ಗುರುವಾರ, ಶುಕ್ರವಾರ ಎರಡು ದಿನ ಕೂತು ಆ ಚಿಪ್ಪುಗಳನ್ನು ನಿನಗಾಗಿ ತುಂಬಿದ್ದೇನೆ. ಹಳೆಯ ಹಿತ್ತಾಳೆ ಕತ್ತಿನಲ್ಲಿ ಸೀಳುತ್ತದೆ, ಅದಕ್ಕೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಅನುಮಾನ ಬಂದ ಹನ್ನೊಂದನ್ನು ಇಕ್ಕಳದಲ್ಲಿ ಜಜ್ಜಿ ಬಿಸಾಕಿದೆ. ಉಳಿದ ಇಪ್ಪತ್ತನ್ನು ಬಾಣಲೆಯ ನೀರಿನಲ್ಲಿ ನಿಲ್ಲಿಸಿ, ಕತ್ತನ್ನು ಮಾತ್ರ ಉರಿಗೆ ಕಾಯಿಸಿ ಮೆತ್ತಗೆ ಮಾಡಿಕೊಂಡೆ. ಆಮೇಲೆ ಗಿಡ್ಡ ಅಚ್ಚಿನಲ್ಲಿ ಕತ್ತು ಮಾತ್ರ ಒತ್ತಿದೆ. ಅಪ್ಪನ ನೋಟುಬುಕ್ಕಿನಲ್ಲಿದ್ದ ಮೆದು ಅಳತೆಯ ಮದ್ದನ್ನೇ ಹಾಕಿದೆ, ಪ್ರತಿಯೊಂದನ್ನೂ ತಕ್ಕಡಿಯಲ್ಲಿ ತೂಗಿ, ಗುಂಡು ಕೂರಿಸುವ ಮೊದಲು ಟಾರ್ಚು ಬಿಟ್ಟು ಇಪ್ಪತ್ತರೊಳಗೂ ಮದ್ದು ಒಂದೇ ಮಟ್ಟದಲ್ಲಿದೆಯೇ ಎಂದು ನೋಡಿ. ಈ ಕೆಲಸ ಮಾಡುತ್ತಾ ಎಷ್ಟೋ ವರ್ಷಗಳ ಮೇಲೆ ನಾನು ಹಾಡು ಗುನುಗಿದೆನಂತೆ, ನಿನ್ನ ಭಾವ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿ ಹೇಳಿದರು. ಹಿಂಬದಿಗೆ ಕೆಂಪು ಉಗುರುಬಣ್ಣವನ್ನೂ ಹಚ್ಚಿದ್ದೇನೆ. ಪೆಟ್ಟಿಗೆಯ ಮೇಲೆ ನಿನ್ನ ಹೆಸರು ಬರೆದಿದ್ದೇನೆ. ಅವು ಇನ್ಯಾರ ಕೋವಿಗೂ ಹೋಗುವುದಿಲ್ಲ, ನೀನು ಬಾರದಿದ್ದರೆ ಇಲ್ಲೇ ಕೂತಿರುತ್ತವೆ. ಅಂಚೆಯಲ್ಲಿ ಕಳಿಸು ಎಂದು ಮಾತ್ರ ಬರೆಯಬೇಡ, ಮದ್ದು ತುಂಬಿದ್ದನ್ನು ಅಂಚೆಯವರು ಮುಟ್ಟುವುದಿಲ್ಲ, ಮುಟ್ಟಿದರೂ ನಾನು ಕಳಿಸುವುದಿಲ್ಲ.

ಹಡಗಿನ ಕಪ್ತಾನನಿಗೆ ಒಂದು ವಾರ ರಜೆ ಕೇಳು. ಮೂವತ್ತಾರು ವರ್ಷ ದುಡಿದವನಿಗೆ ಒಂದು ವಾರ ಕೊಡದಿದ್ದರೆ ಅವನ ಸಾರಿಗೆ ಉಪ್ಪು ಹೆಚ್ಚು ಹಾಕು. ಬಿಡಾರದ ಮಾಡು ಹೋದ ವರ್ಷ ಹೊಸದಾಗಿ ಹಾಕಿಸಿದ್ದೇವೆ. ಕಿಟಕಿ ಪಕ್ಕದ ಮಂಚ ನಿನಗೆ, ಕೆಳಗಿನದು, ಮಂಡಿಗೆ ತೊಂದರೆಯಾಗದಿರಲಿ ಎಂದು. ಹೆಂಗಸೊಬ್ಬಳು ಬಿಡಾರದಲ್ಲಿ ಇರುವುದನ್ನು ನೀನು ನೋಡಿಯೇ ಇಲ್ಲ ಅಲ್ಲವೇ? ಅಪ್ಪನ ಕಾಲದಲ್ಲಿ ನನ್ನನ್ನು ಆ ಬಾಗಿಲ ಹತ್ತಿರವೂ ಬಿಡುತ್ತಿರಲಿಲ್ಲ, ತುಂಬಿದ ತೋಟಾ ನಿಮ್ಮ ಕೈಗೆ ಕೊಟ್ಟು ಅಂಗಳದಿಂದಲೇ ಕೈ ಬೀಸುತ್ತಿದ್ದೆ. ಈಗ ಒಲೆ ನನ್ನದು, ಕಾಫಿ ನನ್ನದು, ಬೂಟು ಒಳಗೆ ತಂದವನಿಗೆ ಬೈಗುಳವೂ ನನ್ನದೇ. ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿ ನಲವತ್ತು ಮಾಡಿ ತಣ್ಣಗೆ ಮಡಗುತ್ತೇನೆ. ನೀನು ಬಂದು ಅಡುಗೆ ಮಾಡುತ್ತೇನೆಂದು ಹಟ ಹಿಡಿಯಬೇಡ, ವರ್ಷದಲ್ಲಿ ಒಂದು ವಾರವಾದರೂ ಯಾರೋ ಬಡಿಸಿದ್ದನ್ನು ಕೂತು ತಿನ್ನು.

ನಿನ್ನ ಭಾವ ನೆನಪು ತಿಳಿಸಲು ಹೇಳಿದ್ದಾರೆ, ಕೂಲಿಯ ವಿಷಯವನ್ನೂ ಮರೆಯದೆ ಬರೆಯಲು ಹೇಳಿದ್ದಾರೆ. ನಿನ್ನ ಹಡಗು ಓಡುವ ಸರೋವರದಲ್ಲಿ ನವೆಂಬರಿನ ಗಾಳಿ ಏಳುವ ಮೊದಲೇ ನೆಲಕ್ಕೆ ಇಳಿದು ಬಾ. ದೇವರು ನಿನ್ನ ಹಡಗನ್ನೂ, ನಿನ್ನ ಮಂಡಿಯನ್ನೂ, ಆ ಹಟಮಾರಿ ತಲೆಯನ್ನೂ ಕಾಪಾಡಲಿ.

ನಿನ್ನ ಅಕ್ಕ
ಸೈಮಾ

ತಾ.ಕ. ಸೋಮವಾರ ಬೆಳಿಗ್ಗೆ. ನಿನ್ನೆ ಅಂಟಿಸಿದ ಲಕೋಟೆಯನ್ನು ಕೆಟಲಿನ ಹಬೆಗೆ ಹಿಡಿದು ಮತ್ತೆ ಬಿಚ್ಚಿದ್ದೇನೆ. ಅಂಚೆ ಕಾರು ಬರಲು ಹತ್ತು ನಿಮಿಷ ಇದೆ, ಅಕ್ಷರ ನೆಟ್ಟಗಿಲ್ಲ, ಓದಿಕೋ. ಅಪ್ಪನ ಕಣ್ಣು ಮಂಜಾಗಿ ಮರ ಅದಲುಬದಲಾಯಿತು ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಭ್ರಮೆ ನನ್ನದು ಎಂದು ಬರೆದದ್ದೂ ಸುಳ್ಳು, ನನಗೆ ಯಾವ ಭ್ರಮೆಯೂ ಇರಲಿಲ್ಲ. ಅಪ್ಪ ಬೇಕೆಂದೇ ಬದಲಿಸಿದ. ಆ ಫೆಬ್ರುವರಿಯಲ್ಲಿ ಅಡುಗೆಮನೆಯ ಮೇಜಿನ ಮೇಲೆ, ಅವನ ಕೈ ನಡುಗುತ್ತಿತ್ತೆಂದು ತಿರುಪು ಬಿಗಿದವಳು ನಾನೇ. ಅವನು ಹೇಳಿದ್ದು ಒಂದಕ್ಷರ ಬಿಡದೆ ನೆನಪಿದೆ. "ಕಬ್ಬಿಣ ರೇಯ್ನೊಗೆ, ಮರ ನಿನಗೆ. ಇಬ್ಬರ ಹತ್ರಾನೂ ನಾನು ಇದ್ದಂಗಾಗತ್ತೆ. ನಾನು ಹೋದ್ಮೇಲೆ ಅವ್ನಿಗೆ ಹೇಳು. ಹಡಗಿಗೆ ಹೋಗಿದ್ದು ತಪ್ಪಲ್ಲ ಅಂತಾನೂ ಹೇಳು. ನನ್ ಬಾಯಲ್ಲಿ ಅದು ಬರಲ್ಲ." ನಾನು ಹೇಳಲಿಲ್ಲ. ಮೂವತ್ತು ವರ್ಷ ನಾನು ತುಂಬಿದೆ, ನೀವು ಹಾರಿಸಿದಿರಿ. ಒಂದು ದಿನವೂ ನನ್ನನ್ನು ಕಾಡಿಗೆ ಕರೆದುಕೊಂಡು ಹೋಗಲಿಲ್ಲ. ಅವನು ಸತ್ತಾಗ ನನಗೆ ಅರ್ಧ ಸಾಲಲಿಲ್ಲ, ಪೂರ್ತಿ ಬೇಕೆನಿಸಿತು. ನಿನಗೆ ಅಂತ ಒಂದು ಮಾತು ಬಿಟ್ಟಿದ್ದಾನಾ ಎಂದು ನೀನು ಕೇಳಿದಾಗ ಅದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ನುಂಗಿಕೊಂಡೆ. ನಿನ್ನ ಭಾವನಿಗೂ ಇದು ಗೊತ್ತಿಲ್ಲ, ಮೊದಲು ನಿನಗೇ ಹೇಳುತ್ತಿದ್ದೇನೆ. ಅಂಚೆ ಕಾರು ತಿರುವಿನಲ್ಲಿ ಕಾಣುತ್ತಿದೆ. ಬೈಯುವುದಿದ್ದರೆ ಕಾಗದದಲ್ಲಿ ಬೈಯಬೇಡ ರೇಯ್ನೊ, ಬಂದು ಬೈ.